ಬಾಗಿಲು ಕೂರದ ಲಾರಿ

ಬೆಂಗಳೂರಿನ ಯಶವಂತಪುರದ ಎಪಿಎಂಸಿ ಯಾರ್ಡಿಗೆ ಈರುಳ್ಳಿ ಇಳಿಸಿ ಬಂದ ಲಾರಿಗಳನ್ನು, ದೇವರಾಜ ಅರಸು ಟ್ರಕ್ ಟರ್ಮಿನಲ್ಲಿನಲ್ಲಿ ಬಾಡಿಗೆ ಕಾಯುತ್ತ ನಿಂತ ಲಾರಿಗಳನ್ನು ಸಾಲಾಗಿ ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಬಣ್ಣ ಬೇರೆ, ಬರಹ ಬೇರೆ, ಹಿಂದೆ ಬರೆಸಿದ ದೇವರ ಹೆಸರು ಬೇರೆ. ಕ್ಯಾಬಿನ್ ಮಾತ್ರ ಒಂದೇ ಎರಕದ್ದು. ಕಾರ್ಖಾನೆಯಲ್ಲೇ ಒತ್ತಿ, ಬೆಸೆದು, ಬಣ್ಣ ಬಳಿದು ಕಳಿಸಿದ ಉಕ್ಕಿನ ಕೋಣೆ ಅದು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳಲ್ಲಿ ಆ ಕೋಣೆಗೆ ಎಸಿಯೂ ಕಡ್ಡಾಯ.

ಇವುಗಳ ನಡುವೆ ಎಲ್ಲೋ ಒಂದು ಶೆಡ್ಡಿನ ಹಿಂದೆ, ಹುಣಸೆಮರದ ಕೆಳಗೆ, ಉದ್ದ ಮೂತಿಯ ಹಳೆಯ ಟಾಟಾ ಒಂದು ನಿಂತಿರುತ್ತದೆ. 'ಎಂವೈ' ಅಕ್ಷರಗಳಿಂದ ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರು, ಒಡೆದ ಗಾಜು, ಕೈಯಿಟ್ಟರೆ ಉದುರುವ ತಗಡು. ಅದನ್ನು ದುಡಿಸಿದ ಅಜ್ಜ ಈಗಿಲ್ಲ. ಮೊಮ್ಮಗನಿಗೆ ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸುವ ಆಸೆ. ಟಿಂಕರಿಂಗ್ ಮಾಡುವವರನ್ನು ಕರೆಸುತ್ತಾನೆ. ಅವರು ತುಕ್ಕು ಹಿಡಿದ ನೆಲವನ್ನು ಕತ್ತರಿಸಿ ತೆಗೆದು, ಹೊಸ ತಗಡು ಬೆಸೆದು, ಪುಟ್ಟಿ ಹಾಕಿ, ಬಣ್ಣ ಹೊಡೆದು, ಕೊನೆಗೆ ಬಾಗಿಲು ತೂಗುಹಾಕುತ್ತಾರೆ. ಬಾಗಿಲು ಕೂರುವುದಿಲ್ಲ! ಮೇಲೆ ಬೆರಳು ತೂರುವಷ್ಟು ಸಂದು, ಕೆಳಗೆ ತಗಡಿಗೆ ತಗಡು ಉಜ್ಜುತ್ತದೆ. ಬಾನೆಟ್ಟು ಒಂದು ಕಡೆಗೆ ವಾಲಿದೆ. ಇಷ್ಟೆಲ್ಲ ಖರ್ಚಾದ ಮೇಲೆ ಸುತ್ತಿಗೆ ಹಿಡಿದು ಬಾಗಿಲನ್ನೇ ಬಡಿಯುವ ಕೆಲಸ ಶುರುವಾಗುತ್ತದೆ. ತಪ್ಪು ಇರುವುದು ಬಾಗಿಲಲ್ಲಿ ಅಲ್ಲ.

ಇದು ಅರ್ಥವಾಗಬೇಕಾದರೆ ನಮ್ಮ ಹಳೆಯ ಲಾರಿಗಳು ಹುಟ್ಟಿದ ಬಗೆಯನ್ನು ತಿಳಿಯಬೇಕು. ಆಗ ಟೆಲ್ಕೊ ಎನ್ನಿಸಿಕೊಳ್ಳುತ್ತಿದ್ದ ಟಾಟಾ ಕಂಪನಿ ಜರ್ಮನಿಯ ಡೈಮ್ಲರ್-ಬೆಂಝ್ ಜತೆ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿದ್ದು 1954ರಲ್ಲಿ. 1969ರಲ್ಲಿ ಆ ಒಪ್ಪಂದ ಮುಗಿದು, ಮೂತಿಯ ಮೇಲಿದ್ದ ಮೂರು ಕಡ್ಡಿಯ ನಕ್ಷತ್ರ ಹೋಗಿ ಟಾಟಾದ 'ಟಿ' ಬಂತು. ಮದರಾಸಿನ ಅಶೋಕ್ ಮೋಟಾರ್ಸ್ 1948ರಲ್ಲಿ ಹುಟ್ಟಿ, 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಗಿ, ಕಾಮೆಟ್ ಲಾರಿಗಳನ್ನು ರಸ್ತೆಗೆ ಬಿಟ್ಟಿತು. ಮುಂಬಯಿಯ ಪ್ರೀಮಿಯರ್ ಕಾರ್ಖಾನೆಯಿಂದ ಡಾಡ್ಜ್, ಫಾರ್ಗೊ. ಕಲ್ಕತ್ತೆಯ ಬಳಿಯ ಉತ್ತರಪಾರಾದ ಹಿಂದುಸ್ತಾನ್ ಮೋಟಾರ್ಸಿನಿಂದ ಬೆಡ್‌ಫರ್ಡ್. ಅದಕ್ಕೂ ಹಿಂದೆ ಎರಡನೆಯ ಮಹಾಯುದ್ಧ ಮುಗಿದಾಗ ಸೈನ್ಯ ಮಾರಿಬಿಟ್ಟ ಷವರ್ಲೆ, ಫೋರ್ಡ್ ಟ್ರಕ್ಕುಗಳು.

ಹೆಸರು ಎಷ್ಟೇ ದೊಡ್ಡದಿರಲಿ, ಕಾರ್ಖಾನೆಯಿಂದ ಹೆಚ್ಚಾಗಿ ಬರುತ್ತಿದ್ದದ್ದು ಅರ್ಧ ಲಾರಿ. ಚಾಸಿ, ಇಂಜಿನ್ನು, ಚಕ್ರ, ಬಾನೆಟ್ಟು, ಮಡ್‌ಗಾರ್ಡು, ಡ್ಯಾಶ್‌ಬೋರ್ಡಿನವರೆಗಿನ ಮುಂಭಾಗ, ಅಷ್ಟೇ. ಅದರಾಚೆಗೆ ಬರೀ ಬಯಲು. ಹಲಗೆಯ ಮೇಲೆ ಕೂತು, ತಲೆಗೆ ಟವೆಲು ಸುತ್ತಿಕೊಂಡು, ಬಿಸಿಲು ಮಳೆ ಎರಡನ್ನೂ ಮೈಮೇಲೆ ಹಾಕಿಕೊಂಡು ಡ್ರೈವರು ಜಮ್‌ಶೆಡ್‌ಪುರದಿಂದ ಬೆಂಗಳೂರಿಗೆ 1500 ಕಿ.ಮೀ.ಗೂ ಹೆಚ್ಚು ಅದನ್ನು ಓಡಿಸಿಕೊಂಡು ಬರುತ್ತಿದ್ದ. ಅಂಥ ಬರಿಚಾಸಿ ಲಾರಿಗಳ ಸಾಲು ಹೆದ್ದಾರಿಯಲ್ಲಿ ಹೋಗುವುದನ್ನು ನೋಡಿದವರು ಈಗಲೂ ಬಹಳ ಮಂದಿ ಇದ್ದಾರೆ.

ಬಂದ ಮೇಲೆ ಬಾಡಿ ಕಟ್ಟಿಸುವ ಕೆಲಸ. ನಾಮಕ್ಕಲ್, ತಿರುಚೆಂಗೋಡು ಈ ಕಸುಬಿಗೆ ಇಂದಿಗೂ ಹೆಸರುವಾಸಿ. ನಮ್ಮ ಊರುಗಳಲ್ಲೂ ಬಡಗಿಯೊಬ್ಬ, ತಗಡಿನ ಕೆಲಸದವನೊಬ್ಬ, ಬಣ್ಣದವನೊಬ್ಬ ಸೇರಿ ಕ್ಯಾಬಿನ್ನಿನ ಉಳಿದ ಭಾಗವನ್ನು ಎಬ್ಬಿಸುತ್ತಿದ್ದರು. ಮರದ ಚೌಕಟ್ಟು, ಅದರ ಮೇಲೆ ಮೊಳೆ ಹೊಡೆದು ಹೊದಿಸಿದ ತಗಡು, ಮರದ ಬಾಗಿಲು. ಅಳತೆ ಎಂಬುದು ಬಡಗಿಯ ಕಣ್ಣಲ್ಲಿ, ಅವನ ಕೈಯ ಕೋಲಲ್ಲಿ ಇರುತ್ತಿತ್ತು. ಎಡಬಾಗಿಲು ಬಲಬಾಗಿಲಿಗಿಂತ ಅರ್ಧ ಬೆರಳು ಕಿರಿದಾಗಿದ್ದರೆ ಅದು ಆ ಲಾರಿಯ ಹುಟ್ಟುಗುಣ.

ಇಲ್ಲೇ ನಮ್ಮ ಲಾರಿಗೂ ಹೊರದೇಶದ ಲಾರಿಗೂ ಇರುವ ವ್ಯತ್ಯಾಸ. ಅಮೆರಿಕದಲ್ಲಿ 1947ರಿಂದ 1955ರವರೆಗೆ ಬಂದ ಷವರ್ಲೆ ಟ್ರಕ್ಕನ್ನು ದುರಸ್ತಿ ಮಾಡುವವನಿಗೆ ಕ್ಯಾಬಿನ್ನಿನ ಮೂಲೆ, ಹೊಸ್ತಿಲು, ನೆಲ ಎಲ್ಲವೂ ಅಚ್ಚೊತ್ತಿದ ತಗಡಾಗಿ ಅಂಗಡಿಯಲ್ಲಿ ಸಿಗುತ್ತವೆ. ಒಂದು ಟ್ರಕ್ಕಿನ ಅಳತೆ ಇನ್ನೊಂದಕ್ಕೆ ಹೊಂದುತ್ತದೆ. ನಮ್ಮ 1210 ಮಾದರಿಯ ಟಾಟಾಕ್ಕೆ ಕಾರ್ಖಾನೆಯ ಪುಸ್ತಕ ಸಿಕ್ಕರೂ ಅದು ಡ್ಯಾಶ್‌ಬೋರ್ಡಿನವರೆಗೆ ಮಾತ್ರ ಉಪಯೋಗ. ಹಿಂದಿನ ಅರ್ಧದ ಅಳತೆ ಬರೆದಿಟ್ಟಿರುವುದು ಒಂದೇ ಕಡೆ: ಆ ಲಾರಿಯ ಮೈಮೇಲೆ. ತುಕ್ಕು ಹಿಡಿದ ತಗಡನ್ನು ಕಟರ್‌ನಿಂದ ಕೊಯ್ದು ಗುಜರಿಗೆ ಎಸೆದಾಗ ಇದ್ದ ಒಂದೇ ದಾಖಲೆಯೂ ಅದರ ಜತೆ ಹೋಗುತ್ತದೆ. ಆಮೇಲೆ ಬಾಗಿಲು ಕೂರದಿದ್ದರೆ ಯಾರನ್ನು ಕೇಳುವುದು?

ಇನ್ನು ತುಕ್ಕಿನ ವಿಷಯ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ, ಉಪ್ಪುಗಾಳಿ ಇಲ್ಲ, ಹಾಗಾಗಿ ಇಲ್ಲಿ ತುಕ್ಕು ಕಡಿಮೆ ಎನ್ನುವವರಿದ್ದಾರೆ. ಮನೆಯ ಗೇಟಿನ ಮಟ್ಟಿಗೆ ಆ ಮಾತು ಸರಿ. ಲಾರಿ ಒಂದೂರಿನ ಪ್ರಾಣಿಯಲ್ಲ. ಮಂಗಳೂರು ಕಡೆಯ ಮೀನು, ಉಪ್ಪು ಹೊತ್ತ ಲಾರಿಯ ಚಾಸಿಗೆ ಇಳಿದ ಉಪ್ಪುನೀರು ಯಲಹಂಕಕ್ಕೆ ಬಂದ ಮೇಲೂ ತನ್ನ ಕೆಲಸ ಮುಂದುವರಿಸುತ್ತದೆ. ಜತೆಗೆ ಬ್ಯಾಟರಿ ಪೆಟ್ಟಿಗೆಯಿಂದ ತುಳುಕಿದ ಆಮ್ಲ, ರಬ್ಬರ್ ಮ್ಯಾಟಿನ ಕೆಳಗೆ ನಿಂತ ನೀರು, ಮಡ್‌ಗಾರ್ಡಿನ ಒಳಮೂಲೆಯಲ್ಲಿ ಗಟ್ಟಿಯಾದ ಕೆಸರು. ಎಲ್ಲಕ್ಕಿಂತ ಹೆಚ್ಚಾಗಿ ಒಳಗಿನ ಮರ. ತಗಡಿನ ಹಿಂದೆ ಮರ ವರ್ಷಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ತಗಡು ಒಳಗಿನಿಂದ ತೆಳುವಾಗಿರುತ್ತದೆ.

ಒದ್ದೆ ಮರದಲ್ಲಿ ಹೊಡೆದ ಕಬ್ಬಿಣದ ಮೊಳೆಯ ಸುತ್ತ ಕಪ್ಪು ಕಲೆ ಇರುವುದನ್ನು ಎಲ್ಲರೂ ನೋಡಿರುತ್ತಾರೆ. ಮರದ ಒಗರು ಕಬ್ಬಿಣದ ಜತೆ ಸೇರಿ ಆದ ಕಪ್ಪು ಅದು. ಅಳಲೆಕಾಯಿಗೆ ಕಬ್ಬಿಣ ಬೆರೆಸಿ ಹಿಂದಿನವರು ಬಟ್ಟೆಗೆ ಕಪ್ಪು ಬಣ್ಣ ಕಟ್ಟುತ್ತಿದ್ದದ್ದೂ, ಮಸಿ ಮಾಡುತ್ತಿದ್ದದ್ದೂ ಇದೇ ಕ್ರಿಯೆಯಿಂದ. ಇಂದು ಪೇಂಟಿನ ಅಂಗಡಿಯಲ್ಲಿ ಸಿಗುವ ಕೆಲವು ತುಕ್ಕುನಿವಾರಕ ದ್ರಾವಣಗಳಲ್ಲೂ ಇರುವುದು ಅದೇ ಒಗರು, ಅಂದರೆ ಟ್ಯಾನಿಕ್ ಆಮ್ಲ. ಹಚ್ಚಿದರೆ ಕೆಂಪು ತುಕ್ಕು ಕಪ್ಪಾಗಿ ಗಟ್ಟಿಯಾಗುತ್ತದೆ. ಮೇಲ್ಪದರದ ತುಕ್ಕಿಗೆ ಅದು ಒಳ್ಳೆಯ ಮದ್ದು. ತೂತಾದ ತಗಡಿಗೆ ಯಾವ ಮದ್ದೂ ಇಲ್ಲ.

ತುಕ್ಕು ತಿನ್ನುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದು ತಳ್ಳುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡು ಪಟ್ಟಿಗೂ ಮಿಕ್ಕಿ ಹಿಗ್ಗುತ್ತದೆ. ಎರಡು ತಗಡು ಒಂದರ ಮೇಲೊಂದು ಕೂತ ಜಾಗದಲ್ಲಿ, ಚಾಸಿಗೂ ಅದರ ಮೇಲೆ ರಿವೆಟ್ ಹೊಡೆದ ಬ್ರಾಕೆಟ್ಟಿಗೂ ನಡುವೆ, ತುಕ್ಕು ಪದರಪದರವಾಗಿ ಬೆಳೆದು ಎರಡನ್ನೂ ಬೇರ್ಪಡಿಸುತ್ತದೆ. ಹೀಗಾಗಿ ಒಂದು ಮೂಲೆಯಲ್ಲಿ ಕ್ಯಾಬಿನ್ ಕುಸಿದಿದ್ದರೆ ಇನ್ನೊಂದು ಮೂಲೆಯಲ್ಲಿ ಮೇಲೆದ್ದಿರುತ್ತದೆ. ದುರಸ್ತಿಗೆ ಬರುವ ಹೊತ್ತಿಗೇ ಅದು ಸೊಟ್ಟ. ಅದೇ ಸೊಟ್ಟಕ್ಕೆ ಹೊಸ ತಗಡನ್ನು ಬೆಸೆದರೆ, ಸೊಟ್ಟ ಇನ್ನು ಮುಂದೆ ಶಾಶ್ವತ.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ನೆಲದಿಂದ.

ಲಾರಿಯ ಚಾಸಿ ಎಂದರೆ ಎರಡು ಉದ್ದನೆಯ ಉಕ್ಕಿನ ಚಾನಲ್ಲು, ನಡುವೆ ಅಡ್ಡಪಟ್ಟಿಗಳು. ಅದನ್ನು ಬೇಕೆಂದೇ ತಿರುಚಿಕೊಳ್ಳುವ ಹಾಗೆ ಮಾಡಿರುತ್ತಾರೆ. ಹಳ್ಳ ದಿಣ್ಣೆಯಲ್ಲಿ ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಹೋದಾಗ ಚಾಸಿ ಬಳುಕಿದರೇ ನಾಲ್ಕೂ ಚಕ್ರ ನೆಲ ಬಿಡದೆ ಇರುವುದು. ಒಂದು ಚಕ್ರದ ಕೆಳಗೆ ಜಾಕಿ ಕೊಟ್ಟರೂ ಸಾಕು, ಚಾಸಿ ತಿರುಚುತ್ತದೆ, ಬಾಗಿಲಿನ ಸಂದು ಬದಲಾಗುತ್ತದೆ. ಕ್ಯಾಬಿನ್ನಾದರೋ ಚಾಸಿಗಿಂತ ಬಿಗಿಯಾದ ಪೆಟ್ಟಿಗೆ, ನಾಲ್ಕು ಕಾಲಿನ ಮಂಚದ ಹಾಗೆ: ನೆಲ ಸಮ ಇಲ್ಲದಿದ್ದರೆ ಒಂದು ಕಾಲು ಗಾಳಿಯಲ್ಲಿ. ತುಕ್ಕಿನಿಂದ ಬಲ ಕಳೆದುಕೊಂಡ ಪೆಟ್ಟಿಗೆಗೆ ಗಾಳಿಯಲ್ಲಿ ನಿಲ್ಲುವ ಶಕ್ತಿ ಇಲ್ಲ, ಆ ಮೂಲೆ ಜೋತುಬೀಳುತ್ತದೆ. ಅದಕ್ಕಾಗಿಯೇ ಲಾರಿ ಮಾಡುವವರು ಕ್ಯಾಬಿನ್ನಿನ ಕೆಳಗೆ ರಬ್ಬರ್ ಇಡುವುದು, ಹಿಂದಿನ ಆಧಾರವನ್ನು ಸ್ವಲ್ಪ ಸಡಿಲವಾಗಿ ಓಲಾಡುವಂತೆ ಮಾಡುವುದು.

ಆರ್.ಟಿ. ನಗರದ ಅಡ್ಡರಸ್ತೆಯಲ್ಲೋ, ಹೆಬ್ಬಾಳದ ಕೆರೆಯ ಕಡೆಗೆ ಇಳಿಯುವ ದಾರಿಯಲ್ಲೋ ಲಾರಿ ನಿಲ್ಲಿಸಿ ಕೆಲಸ ಮಾಡುವವರಿಗೆ ಇಲ್ಲೊಂದು ಸಮಾಧಾನದ ಮಾತು ಹೇಳಬಹುದು: ಇಳಿಜಾರು ಅಷ್ಟು ದೊಡ್ಡ ತೊಂದರೆಯಲ್ಲ. ಇಡೀ ನೆಲ ಒಂದೇ ದಿಕ್ಕಿಗೆ ಇಳಿದಿದ್ದರೆ ಚಾಸಿ ವಾಲುತ್ತದೆ, ತಿರುಚುವುದಿಲ್ಲ. ತೊಂದರೆ ಇರುವುದು ಮೂರು ಚಕ್ರ ಡಾಂಬರಿನ ಮೇಲೆ, ಒಂದು ಚಕ್ರ ಚರಂಡಿಯ ಚಪ್ಪಡಿಯ ಮೇಲೆ ಇದ್ದಾಗ. ತಿರುಚು ಇದೆಯೋ ಇಲ್ಲವೋ ನೋಡಲು ದುಬಾರಿ ಯಂತ್ರ ಬೇಡ. ಬಡಗಿಗಳ ಹಳೆಯ ಉಪಾಯ ಸಾಕು. ಒಂದೇ ಉದ್ದದ, ನೇರವಾದ ಎರಡು ಚೌಕ ಪೈಪು ತೆಗೆದುಕೊಂಡು ಒಂದನ್ನು ಚಾಸಿಯ ಮುಂಭಾಗದಲ್ಲಿ, ಇನ್ನೊಂದನ್ನು ಕ್ಯಾಬಿನ್ನಿನ ಹಿಂದೆ ಅಡ್ಡಲಾಗಿ ಇಟ್ಟು, ದೂರ ಕೂತು ಒಂದು ಕಣ್ಣು ಮುಚ್ಚಿ ನೋಡಬೇಕು. ಎರಡರ ಮೇಲಂಚು ಒಂದೇ ಗೆರೆಯಾಗಿ ಕಂಡರೆ ಚಾಸಿ ಸರಿ. ಕತ್ತರಿಯಂತೆ ಬಿಡಿಸಿಕೊಂಡು ಕಂಡರೆ ತಿರುಚಿದೆ. ಅಚ್ಚಿನ ಕೆಳಗೆ ಸ್ಟ್ಯಾಂಡು ಕೊಟ್ಟು ಅದನ್ನು ಸರಿಪಡಿಸಿದ ಮೇಲೆಯೇ ಮುಂದಿನ ಮಾತು.

ಆಮೇಲೆ ಬಾಗಿಲನ್ನು ಪರೀಕ್ಷಿಸಬೇಕು. ಬಾಗಿಲು ತೆರೆದು ಅದರ ತುದಿ ಹಿಡಿದು ಮೇಲಕ್ಕೆ ಎತ್ತಿದಾಗ ಲಟಕ್ಕೆಂದು ಆಡಿದರೆ ಕೀಲಿನ ಪಿನ್ನು, ಬುಷ್ಷು ಸವೆದಿವೆ. ಮೊದಲು ಅವನ್ನು ಬದಲಿಸಬೇಕು. ನೂರು ರೂಪಾಯಿಯ ಪಿನ್ನಿನ ದೋಷಕ್ಕೆ ಇಡೀ ಕ್ಯಾಬಿನ್ನನ್ನು ಜಾಕಿಯಿಂದ ಹಿಗ್ಗಿಸುವ ಗ್ಯಾರೇಜುಗಳು ಇವೆ.

ಕೀಲು ಸರಿಯಾದ ಮೇಲೆ ಸಂದುಗಳೇ ಮಾತಾಡುತ್ತವೆ. ಬಾಗಿಲಿನ ಹಿಂಬದಿಯ ಸಂದು ಮೇಲೆ ಅಗಲ, ಕೆಳಗೆ ಕಿರಿದಾಗಿದ್ದರೆ, ಕ್ಯಾಬಿನ್ನಿನ ಹಿಂಭಾಗ ಕೆಳಕ್ಕೆ ಕುಸಿದಿದೆ ಎಂದರ್ಥ; ಹಿಂದಿನ ಅಡ್ಡತೊಲೆ ಅಥವಾ ರಬ್ಬರಿನ ಕೆಳಗಿನ ಬ್ರಾಕೆಟ್ ತುಕ್ಕು ತಿಂದಿರುತ್ತದೆ. ಅಲ್ಲಿ ಎತ್ತಿ ಪ್ಯಾಕಿಂಗ್ ಕೊಟ್ಟರೆ ಹಿಂದಿನ ಕಂಬ ಮುಂದಕ್ಕೆ ಬಂದು ಮೇಲಿನ ಸಂದು ಮುಚ್ಚುತ್ತದೆ. ಮೇಲೆ ಕಿರಿದು, ಕೆಳಗೆ ಅಗಲ ಇದ್ದರೆ ಹೊಸ್ತಿಲು ನಡುವೆ ಜೋತಿದೆ, ಇಲ್ಲವೇ ಹಿಂದೆ ಯಾರೋ ಬೇಕಾದ್ದಕ್ಕಿಂತ ಹೆಚ್ಚು ಪ್ಯಾಕಿಂಗ್ ತುಂಬಿದ್ದಾರೆ. ಬಾಗಿಲು ಸರಿಯಾಗಿ ಕೂತು, ಬಾನೆಟ್ಟು ಮಾತ್ರ ಸೊಟ್ಟಗಿದ್ದರೆ ಕ್ಯಾಬಿನ್ನನ್ನು ಮುಟ್ಟಬಾರದು. ರೇಡಿಯೇಟರಿನ ಕೆಳಗಿನ ಆಧಾರ ನೋಡಬೇಕು.

ಕುಸಿದು ಚಪ್ಪಟೆಯಾದ ಹಳೆಯ ರಬ್ಬರಿನ ಮೇಲೆಯೇ ಇಡೀ ಕೆಲಸ ಮುಗಿಸಿ, ಕೊನೆಯ ದಿನ ಹೊಸ ರಬ್ಬರ್ ಹಾಕುವವರೂ ಇದ್ದಾರೆ. ಹೊಸದು ಹಳೆಯದಕ್ಕಿಂತ ದಪ್ಪ. ಒಂದೊಂದು ಮೂಲೆ ಒಂದೊಂದು ಪ್ರಮಾಣದಲ್ಲಿ ಮೇಲೇಳುತ್ತದೆ, ಅಲ್ಲಿಯವರೆಗೆ ಕೂಡಿಸಿದ ಸಂದುಗಳೆಲ್ಲ ಮತ್ತೆ ಕೆಡುತ್ತವೆ. ರಬ್ಬರ್ ಮೊದಲು, ಅಳತೆ ಆಮೇಲೆ, ಕಟರ್ ಕೊನೆಗೆ.

ಅಳತೆ ಎಂದರೆ ಏನೇನು? ಎರಡೂ ಬಾಗಿಲ ಕಂಡಿಗಳ ಮೂಲೆಯಿಂದ ಮೂಲೆಗೆ ಕರ್ಣ. ಎಡ ಮುಂದಿನ ಕಂಬದ ಬುಡದಿಂದ ಬಲ ಹಿಂದಿನ ಕಂಬದ ಬುಡಕ್ಕೆ, ಹಾಗೆಯೇ ಅದಕ್ಕೆ ವಿರುದ್ಧವಾಗಿ. ಗಾಜಿನ ಚೌಕಟ್ಟಿನ ಕರ್ಣಗಳು. ಚಾಸಿಯ ಮೇಲಂಚಿನಿಂದ ಹೊಸ್ತಿಲಿಗೆ ನಾಲ್ಕು ಕಡೆ ಎತ್ತರ. ಇವನ್ನೆಲ್ಲ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಮರುದಿನ ಒರೆಸಿಹಾಕದೆ, ಪುಸ್ತಕದಲ್ಲಿ ಬರೆದು, ಟೇಪು ಹಿಡಿದಂತೆಯೇ ಫೋಟೊ ತೆಗೆದಿಟ್ಟುಕೊಳ್ಳಬೇಕು. ಜಾಲಹಳ್ಳಿಯಲ್ಲಿ 1953ರಲ್ಲಿ ಶುರುವಾದ ಎಚ್‌ಎಂಟಿ, 1984ರಿಂದ ನಡೆಯುತ್ತಿರುವ ಯಲಹಂಕದ ರೈಲು ಗಾಲಿ ಕಾರ್ಖಾನೆ, ಇಂಥ ಕಡೆ ಅಳತೆಯೇ ಅನ್ನವಾಗಿದ್ದ ಫಿಟ್ಟರುಗಳು ನಿವೃತ್ತರಾಗಿ ಉತ್ತರ ಬೆಂಗಳೂರಿನ ಬಡಾವಣೆಗಳಲ್ಲಿ ನೆಲೆಸಿದ್ದಾರೆ. ಅಂಥ ಹಿರಿಯರೊಬ್ಬರನ್ನು ಒಂದು ಬೆಳಗ್ಗೆ ಕರೆತಂದು ಕಾಫಿ ಕೊಟ್ಟು ಟೇಪಿನ ಒಂದು ತುದಿ ಅವರ ಕೈಗೆ ಕೊಟ್ಟರೆ, ಮುಂದೆ ವಾರಗಟ್ಟಲೆ ನಡೆಯುವ ಜಗಳ ತಪ್ಪುತ್ತದೆ.

ಕತ್ತರಿಸುವ ಮುನ್ನ ಬಾಗಿಲ ಕಂಡಿಗೆ ಅಡ್ಡಕ್ಕೂ ಓರೆಗೂ ಚೌಕ ಪೈಪು ಬೆಸೆದು ಬಿಗಿಯಬೇಕು. ಮರದ ಕಂಬವಾದರೆ ಬೋಲ್ಟು ಹಾಕಿ ಬಿಗಿಯಬಹುದು. ಈ ಪೈಪುಗಳನ್ನು ಬಾಗಿಲು ಹಾಕಿ ತೆಗೆಯಲು ಅಡ್ಡಿಯಾಗದಂತೆ ಒಳಗಡೆಗೆ ಸರಿಸಿ ಬೆಸೆಯುವುದು ಜಾಣತನ, ಏಕೆಂದರೆ ಕೆಲಸದ ಉದ್ದಕ್ಕೂ ಬಾಗಿಲು ತನ್ನ ಜಾಗದಲ್ಲಿ ಇರಬೇಕು. ಬಾಗಿಲು ಬಿಚ್ಚಿ ಮೂಲೆಗೆ ಒರಗಿಸಿ, ನೆಲವನ್ನೆಲ್ಲ ಒಟ್ಟಿಗೆ ಕಿತ್ತು ಹಾಕುವುದೇ ನಮ್ಮಲ್ಲಿ ನಡೆಯುವ ದೊಡ್ಡ ಅನಾಹುತ. ಒಂದು ಕಡೆ ಮುಗಿಯದೆ ಇನ್ನೊಂದು ಕಡೆ ಮುಟ್ಟಬಾರದು. ಮೊದಲು ಕೆಳಗಿನ ಆಧಾರ, ಅಡ್ಡತೊಲೆ, ನಂತರ ಹೊಸ್ತಿಲು, ನಂತರ ನೆಲ, ಹೊರಗೆ ಕಾಣುವ ಮೂಲೆಯ ತಗಡು ಎಲ್ಲಕ್ಕಿಂತ ಕೊನೆಗೆ. ಗಿರಾಕಿಗೆ ಕಾಣುವುದು ಹೊರಗಿನ ತಗಡೇ ಆದ್ದರಿಂದ ಹೆಚ್ಚಿನ ಕಡೆ ಕೆಲಸ ಸರಿಯಾಗಿ ಇದರ ತಿರುವುಮುರುವಾಗಿ ನಡೆಯುತ್ತದೆ.

ಬೆಸುಗೆಯ ಬಿಸಿಯೂ ಲೆಕ್ಕದ ವಿಷಯವೇ. ಒಂದು ಮೀಟರ್ ಉದ್ದದ ಉಕ್ಕು 100 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಸುಮಾರು 1.2 ಮಿ.ಮೀ. ಉದ್ದವಾಗುತ್ತದೆ, ಬೆಸೆದ ಗೆರೆ ಆರುವಾಗ ಕುಗ್ಗಿ ಸುತ್ತಲಿನ ತಗಡನ್ನು ತನ್ನತ್ತ ಎಳೆಯುತ್ತದೆ. ಹೊಸ್ತಿಲಿನ ಉದ್ದಕ್ಕೂ ಒಂದೇ ಉಸಿರಿಗೆ ಗ್ಯಾಸ್ ವೆಲ್ಡಿಂಗ್ ಎಳೆದರೆ ಕಂಬ ಕಣ್ಣೆದುರೇ ಓರೆಯಾಗುತ್ತದೆ. 18 ಗೇಜಿನ ತಗಡಿಗೆ, ಅಂದರೆ ಸುಮಾರು 1.2 ಮಿ.ಮೀ. ದಪ್ಪದ್ದಕ್ಕೆ, ಇಲ್ಲೊಂದು ಅಲ್ಲೊಂದು ಟ್ಯಾಕ್ ಹಾಕಿ, ಕೈಯಿಟ್ಟು ಮುಟ್ಟುವಷ್ಟು ಆರಲು ಬಿಟ್ಟು, ಬಾಗಿಲು ಹಾಕಿ ನೋಡಿ, ಮತ್ತೆ ಟ್ಯಾಕ್ ಹಾಕುತ್ತ ಹೋಗಬೇಕು. ಅರ್ಧ ದಿನದ ಕೆಲಸ ಎರಡು ದಿನವಾಗುತ್ತದೆ. ಆಗಲಿ.

ತಗಡು ಮಡಿಸಿ ತರಲು ಪೀಣ್ಯ ಪಕ್ಕದಲ್ಲೇ ಇದೆ ಎಂಬುದು ಉತ್ತರ ಬೆಂಗಳೂರಿನವರ ಪುಣ್ಯ. ಹಳೆಯ ಹೊಸ್ತಿಲಿನ ಅಡ್ಡಕೊಯ್ತವನ್ನು ರಟ್ಟಿನ ಮೇಲೆ ಗೀಚಿ ಕೊಟ್ಟರೆ ಹಾಗೆಯೇ ಮಡಿಸಿ ಕೊಡುವ ಸಣ್ಣ ವರ್ಕ್‌ಶಾಪುಗಳು ಅಲ್ಲಿ ಬೇಕಾದಷ್ಟಿವೆ. ಅಲ್ಲೇ ಮರಳು ಹೊಡೆಸಿ ತುಕ್ಕು ತೆಗೆಸುವ ಆಸೆಯೂ ಆಗುತ್ತದೆ. ಚಾಸಿಗೆ ಅದು ಒಳ್ಳೆಯದು. ಕ್ಯಾಬಿನ್ನಿನ ಚಪ್ಪಟೆ ತಗಡಿಗೆ ಜೋರಾಗಿ ಹೊಡೆಸಿದರೆ ಅದು ಉಬ್ಬಿ ಅಲೆಯಾಗಿಬಿಡುತ್ತದೆ, ಆಮೇಲೆ ಸಮ ಮಾಡುವುದು ಬಹಳ ಕಷ್ಟ. ಇನ್ನು ಪುಟ್ಟಿಯ ವಿಷಯ. ಸಂದು ಅಗಲವಾಗಿದೆ ಎಂದು ಅಂಚಿಗೆ ಪುಟ್ಟಿ ಮೆತ್ತಿ ಕಿರಿದು ಮಾಡುವುದು ಮೋಸವಲ್ಲದೆ ಬೇರೇನಲ್ಲ. ಚಾಸಿ ಬಳುಕಿದಾಗ ಆ ಅಂಚು ಬಿರುಕು ಬಿಡುತ್ತದೆ, ಬಿರುಕಿನಲ್ಲಿ ನೀರಿಳಿಯುತ್ತದೆ, ತುಕ್ಕು ಮೊದಲಿನ ಜಾಗಕ್ಕೇ ಬರುತ್ತದೆ.

ಒಳಗಿನ ಮರ ಕೊಳೆತಿದ್ದರೆ ಅದರ ಜಾಗಕ್ಕೆ ಕಬ್ಬಿಣದ ಪೈಪು ಹಾಕೋಣ, ಗಟ್ಟಿ ಇರುತ್ತದೆ ಎಂಬ ಸಲಹೆ ಎಲ್ಲ ಗ್ಯಾರೇಜಿನಲ್ಲೂ ಬರುತ್ತದೆ. ಗಟ್ಟಿ ಇರುತ್ತದೆ, ನಿಜ. ಆದರೆ ಮರದ ಕ್ಯಾಬಿನ್ ಚಾಸಿಯ ಜತೆ ಸ್ವಲ್ಪ ಬಳುಕುತ್ತಿತ್ತು. ಪೈಪಿನದು ಬಳುಕುವುದಿಲ್ಲ, ಬೆಸೆದಲ್ಲಿ ಸೀಳುತ್ತದೆ. ಮರದ ಕೆಲಸವನ್ನು ಮರದಲ್ಲೇ ಮಾಡಿಸಿ, ತಗಡು ಹೊದಿಸುವ ಮೊದಲು ಮರಕ್ಕೂ ತಗಡಿನ ಒಳಮೈಗೂ ಬಣ್ಣ ಬಳಿದು, ನೀರು ಕೆಳಗೆ ಹರಿದುಹೋಗಲು ತೂತು ಬಿಡುವುದೇ ಸರಿಯಾದ ದಾರಿ.

ಕಾನೂನಿನ ಮಾತೂ ಒಂದಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು: 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್ನು ಮೂಲರೂಪದಲ್ಲೇ ಇರಬೇಕು, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ, ನಂಬರಿನಲ್ಲಿ 'ವಿಎ' ಎಂಬ ಅಕ್ಷರಗಳು. ಆದರೆ ಈ ನಿಯಮ ಬರೆದಿರುವುದು ದ್ವಿಚಕ್ರ ಮತ್ತು ಸ್ವಂತ ಬಳಕೆಯ ನಾಲ್ಕು ಚಕ್ರದ ವಾಹನಗಳಿಗೆ. ಸರಕು ಹೊತ್ತ ಲಾರಿಗೆ ಆ ಗೌರವ ಇಲ್ಲ. ಬ್ರಿಟನ್ನಿನಲ್ಲಿ ಹಳೆಯ ಲಾರಿ, ಬಸ್ಸುಗಳಿಗಾಗಿಯೇ 1958ರಲ್ಲಿ ಸಂಘ ಕಟ್ಟಿಕೊಂಡು, 1962ರಿಂದ ಲಂಡನ್ನಿನಿಂದ ಬ್ರೈಟನ್ನಿಗೆ ಮೆರವಣಿಗೆ ಹೊರಡಿಸುತ್ತಿದ್ದಾರೆ. ಮಹಾರಾಜರ ಕಾರಿಗೆ ಇರುವ ಮರ್ಯಾದೆ ಅಕ್ಕಿಮೂಟೆ ಹೊತ್ತ ಟಾಟಾಕ್ಕೂ ಸಿಗಬೇಕು ಎಂದು ಕೇಳುವುದು ದೊಡ್ಡ ಬೇಡಿಕೆಯೇನಲ್ಲ. ನಿಯಮದಲ್ಲಿ ಲಾರಿಗೂ ಒಂದು ಸಾಲು ಸೇರಬೇಕು.

ಅಲ್ಲಿಯವರೆಗೆ, ಮನೆಯ ಹಿಂದೆ ಇಂಥ ಲಾರಿ ಇಟ್ಟುಕೊಂಡಿರುವ ಕೇಳುಗರಲ್ಲಿ ಒಂದು ವಿನಂತಿ. ಅದರ ಕ್ಯಾಬಿನ್ ಕಟ್ಟಿದ ಬಡಗಿ, ತಗಡಿನ ಕೆಲಸದವರು ಬದುಕಿದ್ದರೆ ಅವರನ್ನು ಹುಡುಕಿ, ಲಾರಿಯ ಮುಂದೆ ನಿಲ್ಲಿಸಿ ಕೇಳಿ. ಯಾವ ಮರ, ಎಷ್ಟು ದಪ್ಪ, ಯಾವ ಮೂಲೆ ಮೊದಲು ಕೂಡಿಸಿದ್ದು ಎಂಬುದನ್ನು ಬರೆದಿಟ್ಟುಕೊಳ್ಳಿ. ಕೊಳೆತ ಹೊಸ್ತಿಲನ್ನೂ ಹರಿದ ತಗಡನ್ನೂ ಬಾಗಿಲು ಸರಿಯಾಗಿ ಮುಚ್ಚುವವರೆಗೆ ಗುಜರಿಗೆ ಹಾಕಬೇಡಿ.